ಒಂದು ಲಕ್ಷ ನಲವತ್ತು ಸಾವಿರ ಜನ, ಒಂದು ಹಾಳೆ ತಟ್ಟೆ

ಪ್ರಶ್ನೆ: ಸರ್, ನನಗೆ 22 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಬಿ.ಕಾಂ. ಮುಗಿದಿದೆ. ಅಡಿಕೆ ಹಾಳೆಯ ತಟ್ಟೆಗಳ ಮೇಲೆ ಯಕ್ಷಗಾನದ ವೇಷಗಳ ಚಿತ್ರ ಬರೆದು ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ಹಾಕುತ್ತೇನೆ. ಹದಿನಾಲ್ಕು ತಿಂಗಳಲ್ಲಿ 1,40,000 ಫಾಲೋವರ್ಸ್ ಆಗಿದ್ದಾರೆ. ಯೂಟ್ಯೂಬ್‌ನಲ್ಲಿ 9,000. ಆದರೆ ಮೂರು ತಿಂಗಳಿಂದ ವ್ಯೂಸ್ ತುಂಬಾ ಬಿದ್ದುಹೋಗಿದೆ. ಒಂದು ಏಜೆನ್ಸಿಯವರು "ಕನ್ನಡ ಬಿಡಿ, ಮಲಯಾಳದಲ್ಲಿ ಮಾತಾಡಿ, ಮುಖ ತೋರಿಸಿ, ಟ್ರೆಂಡಿಂಗ್ ಹಾಡು ಹಾಕಿ" ಅಂತಾರೆ. ಎರಡು ವರ್ಷದ ಕರಾರು, ನನ್ನ ಎಲ್ಲ ಆದಾಯದಲ್ಲಿ ನೂರಕ್ಕೆ 30 ಅವರಿಗೆ. ಒಂದು ತಲೆಕೂದಲ ಎಣ್ಣೆ ಕಂಪೆನಿ ದುಡ್ಡಿನ ಬದಲು ಎಣ್ಣೆ, ಶಾಂಪೂ ಕಳಿಸುತ್ತೇವೆ, ವಿಡಿಯೋ ಮಾಡಿ ಅನ್ನುತ್ತಿದೆ. ನನ್ನ ಚಿತ್ರವನ್ನು ಯಾರೋ ಟೀಶರ್ಟ್ ಮೇಲೆ ಅಚ್ಚು ಹಾಕಿ ಮಾರುತ್ತಿದ್ದಾರೆ. ಅಪ್ಪ ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಸೇರು ಅಂತ ಹೇಳುತ್ತಲೇ ಇದ್ದಾರೆ. ಏನು ಮಾಡಲಿ? ಒಳ್ಳೆಯ ಮೈಕ್ ಯಾವುದು ಅಂತಲೂ ತಿಳಿಸಿ.

ಉತ್ತರ: ಮೈಕ್ ವಿಷಯ ಕೊನೆಗೆ ಹೇಳುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ಎರಡು ಸಂಜೆ ಕೂತು ನಿಮ್ಮ ರೀಲ್ಸ್‌ಗಳನ್ನು ಮೊದಲಿನಿಂದ ನೋಡಿಕೊಂಡು ಬಂದೆ. ನೀವು ಕಳಿಸಿದ ಇನ್‌ಸೈಟ್ಸ್ (ಖಾತೆಯ ಅಂಕಿಅಂಶ) ಸ್ಕ್ರೀನ್‌ಶಾಟ್‌ಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ನೋಡಿ ಮುಗಿದಾಗ ಒಂದು ವಿಷಯ ಸ್ಪಷ್ಟವಾಯಿತು. ನಿಮ್ಮ 1,40,000 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಬಂದದ್ದು ಒಂದೇ ಒಂದು ರೀಲ್‌ನಿಂದ. ಅದು ಯಾವುದು ಅಂತ ನಿಮಗೂ ಗೊತ್ತು, ಅಲ್ವಾ? ಜನವರಿಯಲ್ಲಿ ಹಾಕಿದ ಬಣ್ಣದ ವೇಷದ (ಯಕ್ಷಗಾನದ ರಾಕ್ಷಸ ಪಾತ್ರದ) ರೀಲ್.

ಒಂದು ನಿಮಿಷ ಇಪ್ಪತ್ತು ಸೆಕೆಂಡಿನದು. ಅದರಲ್ಲಿ ಹಾಡಿಲ್ಲ. ನಿಮ್ಮ ಮುಖವೂ ಇಲ್ಲ. ಒಂದು ಹಾಳೆ ತಟ್ಟೆ, ಎರಡು ಕೈ. ಮೆಹೆಂದಿ ಕೋನ್‌ನಲ್ಲಿ ಬಿಳಿ ಬಣ್ಣ ತುಂಬಿಕೊಂಡು ಮುಖದ ಸುತ್ತ ಚುಟ್ಟಿಯ ಚುಕ್ಕಿಗಳನ್ನು ಒಂದೊಂದಾಗಿ ಇಡುತ್ತಾ ಹೋಗುತ್ತೀರಿ. ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ, ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಳ್ಳುಮುಳ್ಳಾಗಿ ಇಡುತ್ತಾರಲ್ಲ, ಹಾಗೆಯೇ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತದೆ. ನಲವತ್ತನೆಯ ಸೆಕೆಂಡಿನ ಹೊತ್ತಿಗೆ ನಿಮ್ಮ ಅಜ್ಜಿಯ ಸ್ವರ: "ಎಂತ ಕೂಸೇ, ಮೂಗು ಓರೆ ಆತನ್ನೆ!" ನಿಮ್ಮ ಕೈ ಅಲ್ಲೇ ನಿಲ್ಲುತ್ತದೆ. ತಟ್ಟೆಯನ್ನು ದೂರ ಹಿಡಿದು ನೋಡುತ್ತೀರಿ. ಮೂಗು ನಿಜವಾಗಿಯೂ ಓರೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯುತ್ತೀರಿ. ಅಷ್ಟೇ ರೀಲ್.

ಅದನ್ನು 31,000 ಜನ ಬೇರೆಯವರಿಗೆ ಕಳಿಸಿದ್ದಾರೆ. ಜೂನ್‌ನಲ್ಲಿ ನೀವು ಟ್ರೆಂಡಿಂಗ್ ಹಾಡಿಗೆ ಏಳು ಸೆಕೆಂಡಿನಲ್ಲಿ ಖಾಲಿ ತಟ್ಟೆ, ಢಣ್, ತುಂಬಿದ ತಟ್ಟೆ ಅಂತ ತೋರಿಸಿದ ರೀಲ್ ಇದೆಯಲ್ಲ, ಅದಕ್ಕೆ ನಾಲ್ಕು ಲಕ್ಷ ವ್ಯೂಸ್. ಕಳಿಸಿದವರು 212.

ಈ ಎರಡು ಸಂಖ್ಯೆಗಳ ನಡುವೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಇದೆ. ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಜನವರಿಯಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ರೀಲ್ ಎಷ್ಟು ದೂರ ಹೋಗಬೇಕು ಅಂತ ತೀರ್ಮಾನಿಸಲು ಅವರು ಮುಖ್ಯವಾಗಿ ನೋಡುವುದು ಮೂರು: ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಲೈಕ್ ಮಾಡಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸಿದರು. ಈಗಾಗಲೇ ಫಾಲೋ ಮಾಡುತ್ತಿರುವವರ ಮಟ್ಟಿಗೆ ಲೈಕ್‌ಗೆ ತೂಕ ಜಾಸ್ತಿ. ನಿಮ್ಮನ್ನು ಗೊತ್ತೇ ಇಲ್ಲದವರಿಗೆ ತಲುಪಬೇಕಾದರೆ ಕಳಿಸುವಿಕೆಗೆ ತೂಕ ಜಾಸ್ತಿ. ಓರೆ ಮೂಗಿನ ರೀಲನ್ನು ದುಬೈಯಲ್ಲಿ ಕೂತ ಮಗ ಮನೆಯವರ ಗ್ರೂಪಿಗೆ ಹಾಕುತ್ತಾನೆ, "ನಮ್ಮ ಅಜ್ಜಿಯೂ ಹೀಗೇ" ಅಂತ. ಢಣ್ ರೀಲನ್ನು ಯಾರು ಯಾರಿಗೆ ಕಳಿಸುತ್ತಾರೆ? ನೋಡುತ್ತಾರೆ, ಹೆಬ್ಬೆರಳಿನಿಂದ ಮೇಲೆ ತಳ್ಳುತ್ತಾರೆ.

ಹಾಗಾಗಿ ವ್ಯೂಸ್ ಬೀಳಲು ಮೊದಲ ಕಾರಣ ನೀವೇ. ಬೇಜಾರು ಮಾಡಿಕೊಳ್ಳಬೇಡಿ. ಜನವರಿಯ ರೀಲ್ ಓಡಿದ ಮೇಲೆ ಹೆದರಿಕೊಂಡಿರಿ. ವಾರಕ್ಕೆ ಎರಡು ಹಾಕುತ್ತಿದ್ದವರು ಆರು ಹಾಕತೊಡಗಿದಿರಿ. ಆರು ಹಾಕಬೇಕಾದರೆ ಆರು ಹೊಸ ವೇಷ ಬರೆದು ಚಿತ್ರೀಕರಿಸಬೇಕು, ಆಗುವುದಿಲ್ಲ. ಆದ್ದರಿಂದ ಹಳೆಯ ತಟ್ಟೆಗಳನ್ನೇ ಕತ್ತರಿಸಿ, ಹಾಡು ಅಂಟಿಸಿ ಹಾಕಿದಿರಿ. ರೀಲ್‌ಗಳಿಂದ ಅಜ್ಜಿ ಮಾಯವಾದರು.

ಎರಡನೆಯ ಕಾರಣಕ್ಕೆ ನೀವು ಹೊಣೆಯಲ್ಲ. ನಿಮ್ಮ ಗ್ರಾಫ್ ಇಳಿಯಲು ಶುರುವಾದ ವಾರ ನೋಡಿ. ಮೇ ಕೊನೆ. ಯಾಕೆ ಅಂತ ಕುಂಬಳೆ ಸೀಮೆಯವರಾದ ನಿಮಗೆ ನಾನು ಬಿಡಿಸಿ ಹೇಳಬೇಕೇ? ಪತ್ತನಾಜೆ! ತುಳು ಪಂಚಾಂಗದ ಬೇಷ ತಿಂಗಳ ಹತ್ತಕ್ಕೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ಆಟ ಮುಗಿಯುತ್ತದೆ. ನವೆಂಬರಿನಿಂದ ಆರು ತಿಂಗಳು ನಿಮ್ಮ ನೋಡುಗರ ತಲೆಯಲ್ಲಿ ಚೆಂಡೆ ಇರುತ್ತದೆ. ಇವತ್ತು ಎಲ್ಲಿ ಆಟ, ನಿನ್ನೆ ಮಹಿಷಾಸುರ ಹೇಗಿತ್ತು ಅಂತ ಮಾತಾಡುತ್ತಿರುತ್ತಾರೆ. ಮಳೆ ಹಿಡಿದ ಮೇಲೆ ಆ ಗುಂಗು ಇಳಿಯುತ್ತದೆ. ಆ ಏಜೆನ್ಸಿಯವರಿಗೆ ಇದು ಗೊತ್ತಿಲ್ಲ. ಅವರು "ಅಲ್ಗಾರಿದಂ ಬದಲಾಗಿದೆ" ಅಂದಿರಬೇಕು.

ಮಳೆಗಾಲಕ್ಕೆ ಬೇರೆ ಸರಕು ಇಟ್ಟುಕೊಳ್ಳಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಊರೂರಲ್ಲಿ ತಾಳಮದ್ದಳೆ ನಡೆಯುತ್ತದೆ. ಅಲ್ಲಿ ವೇಷವೇ ಇಲ್ಲ, ಶಾಲು ಹೊದ್ದು ಕೂತ ಮನುಷ್ಯ ಮಾತಲ್ಲೇ ಕೌರವನಾಗುತ್ತಾನೆ. ಆ ಮಾತನ್ನು ಕೇಳುತ್ತಾ ಕೂತು ನಿಮ್ಮ ತಲೆಯಲ್ಲಿ ಮೂಡಿದ ವೇಷವನ್ನು ತಟ್ಟೆಗೆ ಇಳಿಸಿ. ಅದನ್ನು ಯಾರೂ ಮಾಡಿದ್ದು ನಾನು ನೋಡಿಲ್ಲ. ಹಾಳೆಗೆ ಬೂಸ್ಟು ಹಿಡಿಯುವುದು, ಅದನ್ನು ನೀವು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು, ಅದೂ ರೀಲೇ. ಹೊಸ ಪ್ರಯೋಗ ಮಾಡಲು ಭಯವಾದರೆ ಇನ್‌ಸ್ಟಾಗ್ರಾಮ್‌ನಲ್ಲಿ ಟ್ರಯಲ್ ರೀಲ್ ಅಂತ ಒಂದು ಸೌಲಭ್ಯ ಇದೆ. ಅದು ಮೊದಲು ನಿಮ್ಮನ್ನು ಫಾಲೋ ಮಾಡದವರಿಗಷ್ಟೇ ಕಾಣಿಸುತ್ತದೆ. ಓಡದಿದ್ದರೆ ಊರವರಿಗೆ ಹೆಚ್ಚಾಗಿ ಗೊತ್ತೂ ಆಗುವುದಿಲ್ಲ.

ಈಗ ಭಾಷೆ. ಇದರ ಬಗ್ಗೆ ಸ್ವಲ್ಪ ಉದ್ದ ಮಾತಾಡುತ್ತೇನೆ, ಯಾಕೆಂದರೆ ನಾನೂ ನಿಮ್ಮ ಹಾಗೆ ಕಾಸರಗೋಡಿನವನೇ, ಉಪ್ಪಳದವನು.

ಏಜೆನ್ಸಿಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು ಹೇಳುವುದರಲ್ಲಿ ಒಂದು ಲೆಕ್ಕ ಇದೆ. ಕಾಸರಗೋಡು 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಆದರೆ ದಕ್ಷಿಣಕ್ಕೆ ಪಯ್ಯನ್ನೂರಿನಿಂದ ಆಚೆಗೆ ಯಕ್ಷಗಾನ ಅಂದರೆ ಏನು ಅಂತ ಸರಿಯಾಗಿ ಗೊತ್ತಿರುವವರು ಕಡಿಮೆ. ಅವರಿಗೆ ನಿಮ್ಮ ತಟ್ಟೆ ಹೊಸತು. ಪೂರ್ತಿ ಹೊಸತೂ ಅಲ್ಲ, ಅದೇ ಮಜಾ. ಕಥಕಳಿಯಲ್ಲೂ ಅವರು ಚುಟ್ಟಿ ಅಂತಲೇ ಹೇಳುತ್ತಾರೆ. ನಮ್ಮ ಬಣ್ಣದ ವೇಷ ನೋಡಿದರೆ ತ್ರಿಶ್ಶೂರಿನವನಿಗೆ "ಇದು ನಮ್ಮದರ ನೆಂಟ" ಅಂತ ಅನ್ನಿಸುತ್ತದೆ. ಮತ್ತೆ, ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲೇ ಆಗಿತ್ತು, ಆಗ ನೀವು ಹೈಸ್ಕೂಲಿನಲ್ಲಿ ಇದ್ದಿರಬೇಕು. ತಂಡ ಕಟ್ಟುವ ಶಾಲೆಗಳು, ಮಕ್ಕಳಿಗೆ ವೇಷ ಹುಡುಕುವ ತಾಯಂದಿರು, ಇವರಲ್ಲಿ ಮಲಯಾಳದಲ್ಲಿ ಹುಡುಕುವವರೂ ಇರುತ್ತಾರೆ. ಅವರಿಗೆ ಕೊಡುವಂಥದ್ದು ನಿಮ್ಮ ಹತ್ತಿರ ಇದೆ.

ಆದರೆ ಅದಕ್ಕಾಗಿ ಕನ್ನಡ ಬಿಡಬೇಕು ಅನ್ನುವುದು ಸೋಮಾರಿ ಸಲಹೆ. ನಿಮ್ಮ ರೀಲ್‌ನಲ್ಲಿ ಮಾತು ಇರುವುದೇ ಐದಾರು ವಾಕ್ಯ. ಕೈಗೆ ಭಾಷೆ ಬೇಡ. ಧ್ವನಿ ಹೇಗಿದೆಯೋ ಹಾಗೇ ಇರಲಿ, ಪರದೆಯ ಮೇಲೆ ಮಲಯಾಳ ಅಕ್ಷರದಲ್ಲಿ ಅರ್ಥ ಹಾಕಿ. ಒಂದು ಸಾಲು, ದೊಡ್ಡದಾಗಿ, ಕೆಳಗಿನ ಬಟನ್‌ಗಳು ಮುಚ್ಚದ ಹಾಗೆ ಸ್ವಲ್ಪ ಮೇಲೆ. ನಿಮಗೆ ಓದಲು ಬರೆಯಲು ಬರುತ್ತದೆ, ಏಜೆನ್ಸಿಯ ಹಂಗು ಬೇಕಿಲ್ಲ. ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಹವ್ಯಕ ಅಂತ ದಿನಕ್ಕೆ ನಾಲ್ಕು ಸಲ ನಾಲಿಗೆ ಬದಲಿಸಿ ಬೆಳೆದವರು ನೀವು. ಸಪ್ತ ಭಾಷೆಗಳ ನಾಡು ಅಂತ ಭಾಷಣದಲ್ಲಿ ಹೇಳುವುದು ಕೇಳಿ ಕೇಳಿ ಸಾಕಾಗಿದೆ. ರೀಲ್‌ನಲ್ಲಿ ಅದನ್ನು ಕೇಳಿಸಿ ನೋಡೋಣ.

ಇನ್ನೊಂದು. ಜನವರಿ ರೀಲ್‌ನ ಕೆಳಗಿನ ಕಮೆಂಟ್ ಓದಿದ್ದೀರಾ? ನಾನು ಮುನ್ನೂರರಷ್ಟು ಓದಿದೆ. ಮಲಯಾಳದಲ್ಲಿ ಬರೆದವರೇ ಸುಮಾರು ಮಂದಿ ಇದ್ದಾರೆ. ಅವರಲ್ಲಿ ಒಬ್ಬರೂ "ಭಾಷೆ ಗೊತ್ತಾಗಲಿಲ್ಲ" ಅಂದಿಲ್ಲ. "ಅಮ್ಮೂಮ್ಮ (ಅಜ್ಜಿ) ಹೇಳಿದ್ದೇನು?" ಅಂತ ಕೇಳಿದ್ದಾರೆ. ಕೇಳಿದವರಿಗೆ ಬೇರೆಯವರು ಉತ್ತರ ಕೊಟ್ಟಿದ್ದಾರೆ. ಮೂಗು ಓರೆಯಾದದ್ದು ಹೌದೋ ಅಲ್ಲವೋ ಅಂತ ಎರಡು ಪಂಗಡವಾಗಿ ಚರ್ಚೆ ಮಾಡಿದ್ದಾರೆ. ಇಂಥ ನೋಡುಗರನ್ನು ದುಡ್ಡು ಕೊಟ್ಟರೂ ತರಲಾಗುವುದಿಲ್ಲ.

ಮುಖ ತೋರಿಸುವುದು ನಿಮ್ಮ ಇಷ್ಟ. ತೋರಿಸಿದರೆ ರೀಚ್ ಬರುತ್ತದೆ, ತೋರಿಸದಿದ್ದರೆ ಮುಳುಗುತ್ತೀರಿ ಅನ್ನುವುದೆಲ್ಲ ಸುಮ್ನೆ. ಆದರೆ ಮನೆಯ ಗೇಟು, ಬಸ್ ಸ್ಟಾಪಿನ ಬೋರ್ಡು ಕಾಣುವ ಎರಡು ರೀಲ್ ಇವೆ. ಅವನ್ನು ಇವತ್ತೇ ತೆಗೆಯಿರಿ. ಪಾರ್ಸೆಲ್ ಮೇಲೆ ಮನೆಯ ವಿಳಾಸದ ಬದಲು ಅಪ್ಪನ ಅಂಗಡಿಯದೋ ಚಿಕ್ಕಪ್ಪನ ಆಫೀಸಿನದೋ ಹಾಕಿ.

ಕರಾರಿಗೆ ಬರೋಣ. ನೀವು ಕಳಿಸಿದ ಕರಡನ್ನು ಓದಿದೆ. ಸಹಿ ಹಾಕಬೇಡಿ. ನೂರಕ್ಕೆ 30 ಅನ್ನುವುದಕ್ಕಿಂತ ಅದು ಯಾವುದರ ನೂರಕ್ಕೆ 30 ಅನ್ನುವುದು ಮುಖ್ಯ. "ಎಲ್ಲ ಆದಾಯ" ಅಂದರೆ ನೀವು ಮನೆಯಲ್ಲಿ ಕೂತು ಮಾರಿದ ತಟ್ಟೆಯಲ್ಲೂ ಅವರಿಗೆ ಪಾಲು. ಅವರು ತಂದ ಜಾಹೀರಾತಿನಲ್ಲಿ ಅವರಿಗೆ ಪಾಲು ಸಿಗಲಿ, ನ್ಯಾಯ. ಹಾಳೆ ನಿಮ್ಮದು, ಬಣ್ಣ ನಿಮ್ಮದು, ಕೈ ನಿಮ್ಮದು, ಅಲ್ಲಿ ಅವರಿಗೇನು ಕೆಲಸ? ಎರಡು ವರ್ಷದ ಬದಲು ಮೂರು ತಿಂಗಳಿಗೆ ಕೇಳಿ, ಇಬ್ಬರಲ್ಲಿ ಯಾರು ಬೇಕಾದರೂ ತಿಂಗಳ ನೋಟಿಸಿನಲ್ಲಿ ಹೊರಬರುವ ಹಾಗೆ. ಅದಕ್ಕೆ ಒಪ್ಪದಿದ್ದರೆ ಅವರಿಗೆ ತಮ್ಮ ಕೆಲಸದ ಮೇಲೇ ನಂಬಿಕೆ ಇಲ್ಲ ಅಂತ ಅರ್ಥ. ಏಳನೆಯ ಕಲಮಿನಲ್ಲಿ "ಖಾತೆಯ ಪಾಸ್‌ವರ್ಡ್ ಹಂಚಿಕೊಳ್ಳತಕ್ಕದ್ದು" ಅಂತ ಇದೆ. ಅದನ್ನು ಯಾರಿಗೂ ಕೊಡಬೇಡಿ, ನನಗೂ ಕೊಡಬೇಡಿ. ಎರಡು ಹಂತದ ಲಾಗಿನ್ ಹಾಕಿಲ್ಲದಿದ್ದರೆ ಈ ಪತ್ರ ಪಕ್ಕಕ್ಕಿಟ್ಟು ಹಾಕಿ ಬನ್ನಿ. "ನಿಮ್ಮ ಖಾತೆಯ ಮೇಲೆ ಕಾಪಿರೈಟ್ ದೂರು ಬಂದಿದೆ, ಈ ಲಿಂಕ್ ಒತ್ತಿ" ಅಂತ ಬರುವ ಮೆಸೇಜುಗಳು ನಿಮ್ಮಂಥವರಿಗೆಂದೇ ಹೆಣೆದ ಬಲೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಆ ಕರಡಿನಲ್ಲಿ ಇನ್ನೊಂದು ಸಾಲು ಇದೆ, ನೀವು ಗಮನಿಸಿದ ಹಾಗಿಲ್ಲ. "ಕಲಾವಿದೆ ಸೃಷ್ಟಿಸಿದ ಕೃತಿಗಳ ಹಕ್ಕುಗಳು ಏಜೆನ್ಸಿಗೆ ಸೇರತಕ್ಕದ್ದು." ಇಲ್ಲಿ ನನ್ನದೇ ಕಥೆ ಹೇಳಬೇಕು.

2009ರಲ್ಲಿ ಒಂದು ಸಂಸ್ಥೆ ಕ್ಯಾಲೆಂಡರಿಗೆ ಹನ್ನೆರಡು ಚಿತ್ರ ಬರೆಸಿತು. ಭೂತದ ಕೋಲ, ಕಂಬಳ, ಬೇಕಲ ಕೋಟೆ, ಹೀಗೆ. 6,000 ರೂಪಾಯಿ ಕೊಟ್ಟರು, ಕೈಕುಲುಕಿದೆ, ಕಾಗದ ಗೀಗದ ಏನೂ ಇಲ್ಲ. ಎರಡು ವರ್ಷ ಕಳೆದು ಒಂದು ಮದುವೆಗೆ ಹೋದರೆ ಸ್ವೀಟಿನ ಡಬ್ಬಿಯ ಮೇಲೆ ನನ್ನ ಬೇಕಲ ಕೋಟೆ. ಆಮೇಲೆ ಡೈರಿ, ಕೈಚೀಲ, ಎಲ್ಲದರ ಮೇಲೂ. ಸಿಟ್ಟಿನಿಂದ ವಕೀಲರ ಹತ್ತಿರ ಓಡಿದೆ. ಅವರು ತಣ್ಣಗೆ ಕೇಳಿದರು, "ದುಡ್ಡು ತಗೊಂಡಿದ್ದೀರಾ?" ಹೌದು ಅಂದೆ. "ಹಕ್ಕು ನನ್ನದೇ ಅಂತ ಬರೆಸಿಕೊಂಡಿದ್ದೀರಾ?" ಇಲ್ಲ ಅಂದೆ. "ಹಾಗಾದರೆ ಹಕ್ಕು ಅವರದ್ದು."

1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ನಿನಲ್ಲಿ ಇದು ಇದೆ. ಸಾಮಾನ್ಯವಾಗಿ ಚಿತ್ರ ಬರೆದವರೇ ಅದರ ಮೊದಲ ಹಕ್ಕುದಾರರು. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಕಮಿಷನ್ ಚಿತ್ರ ಬರೆಯುವ ಹುಡುಗ ಹುಡುಗಿಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಇದು ಗೊತ್ತಿರುವುದಿಲ್ಲ. ಹಾಗಾಗಿ ಯಾರಾದರೂ ಮನೆ ಒಕ್ಕಲಿಗೆ, ಆಫೀಸಿಗೆ, ಕ್ಯಾಲೆಂಡರಿಗೆ ಬರೆದುಕೊಡಿ ಅಂದರೆ ಮುಂಗಡ ತಗೊಳ್ಳುವ ಮೊದಲೇ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿ: "ತಟ್ಟೆ ನಿಮ್ಮದು, ಚಿತ್ರದ ಕಾಪಿರೈಟ್ ನನ್ನದೇ." ಅವರು "ಸರಿ" ಅಂತ ಉತ್ತರಿಸಲಿ. ದೊಡ್ಡ ಕೆಲಸವಾದರೆ ಕಾಗದದ ಮೇಲೆ ಸಹಿ ಹಾಕಿಸಿ.

ಹಕ್ಕು ಬಿಟ್ಟುಕೊಡುವುದಾದರೂ ಬರಹದಲ್ಲಿ, ಸಹಿ ಹಾಕಿಯೇ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಈ ಏಜೆನ್ಸಿ ಜಾಣರು, "ಶಾಶ್ವತವಾಗಿ, ಜಗತ್ತಿನಾದ್ಯಂತ" ಅಂತ ಎರಡನ್ನೂ ಬರೆದಿದ್ದಾರೆ. ಹಕ್ಕು ಮಾರಿದ ಮೇಲೂ ನಿಮ್ಮ ಹತ್ತಿರ ಉಳಿಯುವುದೊಂದಿದೆ. ಬರೆದದ್ದು ನಾನು ಅಂತ ಹೇಳಿಕೊಳ್ಳುವ ಹಕ್ಕು, ಮತ್ತು ಚಿತ್ರವನ್ನು ನಿಮ್ಮ ಮರ್ಯಾದೆ ಹೋಗುವ ಹಾಗೆ ತಿರುಚಿದರೆ ಕೇಳುವ ಹಕ್ಕು. 57ನೇ ಸೆಕ್ಷನ್.

ಟೀಶರ್ಟಿನ ವಿಷಯದಲ್ಲಿ ನೀವು ನನಗಿಂತ ಗಟ್ಟಿ ಜಾಗದಲ್ಲಿದ್ದೀರಿ. ಅದು ಯಾರೂ ಹೇಳಿ ಬರೆಸಿದ್ದಲ್ಲ, ನೀವೇ ಬರೆದದ್ದು. ಬರೆದ ಕ್ಷಣದಿಂದಲೇ ಕಾಪಿರೈಟ್ ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಸಾಕ್ಷಿ ಬೇಕಾದರೆ ನೀವು ಬರೆಯುತ್ತಿರುವ ಕಚ್ಚಾ ವಿಡಿಯೋನೇ ಇದೆಯಲ್ಲ. ಫೋನ್ ತುಂಬಿತು ಅಂತ ಅದನ್ನು ಅಳಿಸಬೇಡಿ, ಒಂದು ಹಾರ್ಡ್ ಡಿಸ್ಕಿಗೆ ತುಂಬಿ. ಟೀಶರ್ಟ್ ಮಾರುವ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಒಂದು ಟೀಶರ್ಟನ್ನು ಬಿಲ್ ಸಮೇತ ಕೊಂಡುಕೊಳ್ಳಿ, ಆಮೇಲೆ ಅವರಿಗೆ ಮರ್ಯಾದೆಯಾಗಿ ಒಂದು ಮೆಸೇಜ್ ಮಾಡಿ. ಜಾಸ್ತಿ ಮಂದಿ ಅಲ್ಲಿಗೇ ತೆಗೆಯುತ್ತಾರೆ. ತೆಗೆಯದಿದ್ದರೆ ಆ ತಾಣದ ಕಾಪಿರೈಟ್ ದೂರಿನ ಫಾರಂ, ಅದಕ್ಕೂ ಬಗ್ಗದಿದ್ದರೆ ವಕೀಲರ ನೋಟಿಸು. ಸ್ಟೋರಿಯಲ್ಲಿ ಹಾಕಿ 1,40,000 ಜನರನ್ನು ಅವರ ಮೇಲೆ ಛೂ ಬಿಡಬೇಡಿ. ಅಂಗಡಿಯವನದ್ದು ತಪ್ಪೇ ಇರಬಹುದು, ಆದರೆ ಆ ಜನ ಬೈಯಲು ಶುರುಮಾಡಿದ ಮೇಲೆ ನಿಲ್ಲಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಇದೇ ನಿಯಮ ನಿಮಗೂ ಅನ್ವಯ. ನಿಮ್ಮ ನಾಲ್ಕೈದು ತಟ್ಟೆಗಳು ಯಾರೋ ತೆಗೆದ ಫೋಟೋವನ್ನು ಹಾಗೇ ಇಳಿಸಿದ ಹಾಗೆ ಕಾಣುತ್ತವೆ. ಆ ನೆರಳು ಬೆಳಕು ರಂಗಸ್ಥಳದ್ದಲ್ಲ, ಫ್ಲಾಶ್‌ನದ್ದು. ಬಣ್ಣದ ವೇಷ ಯಾರಪ್ಪನ ಸ್ವತ್ತೂ ಅಲ್ಲ, ಆದರೆ ಆ ಫೋಟೋ ಒಬ್ಬರದ್ದು. ಚೌಕಿಗೆ ಹೋಗಿ ಕೇಳಿಕೊಂಡು ನೀವೇ ಸ್ಕೆಚ್ ಮಾಡಿ. ಹಿನ್ನೆಲೆಯ ಹಾಡೂ ಹಾಗೆಯೇ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಪದಕ್ಕೆ ಇವತ್ತು ಯಾರ ಹಂಗೂ ಇಲ್ಲ, ಆದರೆ ಅದನ್ನು ಹಾಡಿದ ಭಾಗವತರಿಗೆ, ರೆಕಾರ್ಡ್ ಮಾಡಿದವರಿಗೆ ಹಕ್ಕು ಇದೆ. ಮೇಳದ ರೆಕಾರ್ಡಿಂಗ್ ಕತ್ತರಿಸಿ ಹಾಕುವ ಬದಲು ನಿಮ್ಮ ಊರಿನ ಹವ್ಯಾಸಿ ಭಾಗವತರನ್ನು ಕೇಳಿ ಹಾಡಿಸಿ, ಹೆಸರು ಹಾಕಿ. ದುಡ್ಡು ಬರುವ ರೀಲ್‌ಗೆ ಸಿನಿಮಾ ಹಾಡು ಬೇಡವೇ ಬೇಡ.

ತಟ್ಟೆಯ ಅಂಚಿನಲ್ಲಿ ಕವಿತೆಯ ಸಾಲು ಬರೆಯುತ್ತೀರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಅಲ್ಲೂ ಒಂದು ಲೆಕ್ಕ ಇದೆ. ಕವಿ ತೀರಿಹೋದ ಮರುವರ್ಷದ ಆರಂಭದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದದ್ದೆಲ್ಲ 2024ರ ಜನವರಿ 1ರಿಂದ ಎಲ್ಲರದ್ದು. ಧಾರಾಳವಾಗಿ ಬರೆಯಿರಿ, ಮಾರಿ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ನೂರು ತುಂಬಿದ ಮೇಲೆ. ಅವರ ಸಾಲು ಹಾಕಿ ತಟ್ಟೆ ಮಾರಬೇಕಾದರೆ 2075 ಮುಗಿಯುವ ತನಕ ಮನೆಯವರ ಒಪ್ಪಿಗೆ ಬೇಕು. ಬದಿಯಡ್ಕದವರಿಗೆ ಅವರ ಮನೆಯೇನು ದೂರವೇ? ಹೋಗಿ ಕೇಳಿ.

ಭೂತಕೋಲದ ದೈವದ ಮುಖ ಬರೆದ ತಟ್ಟೆಗೆ ಕೆಲವರು ಆಕ್ಷೇಪ ಹೇಳಿದ್ದನ್ನೂ ಓದಿದೆ. ನಾನು ಅವರ ಕಡೆ. ಊಟದ ತಟ್ಟೆಯ ಮೇಲೆ ದೈವ ಬೇಡ.

ಎಣ್ಣೆ ಕಂಪೆನಿಗೆ "ಬೇಡ" ಅನ್ನಿ. ಚಿತ್ರ ಬರೆಯುವವರ ಪುಟದಲ್ಲಿ ಕೂದಲು ಉದುರುವ ಕಥೆ ಯಾಕೆ? ಮುಂದೆ ಬಣ್ಣದ ಕಂಪೆನಿಯೋ ಬ್ರಷ್ಷಿನವರೋ ಬಂದರೆ ಮಾಡಿ, ಆದರೆ ಗೊತ್ತಿರಲಿ: ದುಡ್ಡು ಕೊಡದೆ ಸಾಮಾನು ಕೊಟ್ಟರೂ ಅದು ಜಾಹೀರಾತೇ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯ ಪ್ರಕಾರ ಅದನ್ನು ಎದ್ದುಕಾಣುವ ಹಾಗೆ ಹೇಳಬೇಕು, ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. ಕನ್ನಡದಲ್ಲಿ ಮಾತಾಡಿದರೆ ಶುರುವಲ್ಲೇ "ಜಾಹೀರಾತು" ಅಂತ ಕನ್ನಡದಲ್ಲಿ ಹಾಕಿ, ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಅಡಗಿಸಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಹೇಳಿದವರಿಗೂ ಸೇರಿ. ಹಾಗೆ ಬಂದ ಸಾಮಾನಿನ ಬೆಲೆ ವರ್ಷಕ್ಕೆ 20,000 ದಾಟಿದರೆ ಕಂಪೆನಿ ನೂರಕ್ಕೆ 10 ಟಿಡಿಎಸ್ ಕಟ್ಟಬೇಕು, 2022ರ ಜುಲೈಯಿಂದ. ಬಿ.ಕಾಂ. ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಿಎಸ್‌ಟಿಯ ಒಂದು ಮಾತು ಮಾತ್ರ ಹೇಳಲೇಬೇಕು, ಅದು ಗಡಿಯಲ್ಲಿರುವವರ ಕರ್ಮ. ಸೇವೆಗೆ 20 ಲಕ್ಷದವರೆಗೆ ನೋಂದಣಿ ಬೇಡ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ತಟ್ಟೆ ಸೇವೆ ಅಲ್ಲ, ಸರಕು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕು ಅನ್ನುವುದು ಸಾಮಾನ್ಯ ನಿಯಮ. ತಿರುವನಂತಪುರಕ್ಕೆ ಕಳಿಸಿದರೆ ತೊಂದರೆ ಇಲ್ಲ, ತಲಪಾಡಿ ದಾಟಿ ಮಂಗಳೂರಿಗೆ ಕಳಿಸಿದರೆ ಅದು ಅಂತರರಾಜ್ಯ ವ್ಯಾಪಾರ! ಅದೃಷ್ಟಕ್ಕೆ ಕೈಯಿಂದ ಮಾಡಿದ ಕರಕುಶಲ ವಸ್ತುಗಳಿಗೆ ಮಿತಿಯೊಳಗೆ ವಿನಾಯಿತಿ ಇದೆ, ಕೆಲವು ಷರತ್ತುಗಳ ಮೇಲೆ. ನಿಮ್ಮ ತಟ್ಟೆ ಆ ಪಟ್ಟಿಯೊಳಗೆ ಬರುತ್ತದೆಯಾ ಅಂತ ಒಬ್ಬ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ. ನಿಮ್ಮ ಗಿರಾಕಿಗಳಲ್ಲಿ ಅರ್ಧ ಜನ ಮಂಗಳೂರು, ಪುತ್ತೂರಿನವರು ಅಂತ ನೀವೇ ಬರೆದಿದ್ದೀರಿ.

ಅಪ್ಪ. ಅವರ ಮಾತಿಗೆ ನೀವು ಸಿಟ್ಟಾಗಿರುವುದು ಪತ್ರದಲ್ಲೇ ಗೊತ್ತಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ತಟ್ಟೆಗೆ 350 ರೂಪಾಯಿ ತಗೊಳ್ಳುತ್ತೀರಿ. ಒಂದು ತಟ್ಟೆಗೆ ಐದು ಗಂಟೆ ಹಿಡಿಯುತ್ತದೆ. ಬಣ್ಣ, ವಾರ್ನಿಷ್, ಡಬ್ಬಿ, ಅಂಚೆ ಕಳೆದರೆ ನಿಮಗೆ ಉಳಿಯುವುದು ಗಂಟೆಗೆ ಐವತ್ತೂ ಇಲ್ಲ. ನಿಮ್ಮ ತೋಟದಲ್ಲಿ ಅಡಿಕೆ ಕೊಯ್ಯಲು ಬರುವವರ ದಿನದ ಕೂಲಿ ಎಷ್ಟು ಅಂತ ಅಪ್ಪನನ್ನು ಕೇಳಿ, ಅವರು ಯಾಕೆ ಬ್ಯಾಂಕ್ ಅನ್ನುತ್ತಿದ್ದಾರೆ ಅಂತ ಅರ್ಥವಾಗುತ್ತದೆ. ನಾನಾದರೆ ಇವತ್ತಿನಿಂದಲೇ ಬೆಲೆಯನ್ನು 900ಕ್ಕೆ ಏರಿಸುತ್ತೇನೆ, ಬಣ್ಣದ ವೇಷಕ್ಕೆ ಇನ್ನೂ ಜಾಸ್ತಿ. ಗಿರಾಕಿ ಕಡಿಮೆ ಆಗುತ್ತಾರೆ, ಆಗಲಿ. ತಿಂಗಳಿಗೆ ನಲವತ್ತು ತಟ್ಟೆ ಬರೆದು ಬೆನ್ನು ನೋಯಿಸಿಕೊಳ್ಳುವುದಕ್ಕಿಂತ ಹದಿನೈದು ಬರೆದು ಅಷ್ಟೇ ದುಡ್ಡು ಮಾಡುವುದು ಒಳ್ಳೆಯದು.

ರೀಲ್ಸ್ ವ್ಯೂಸ್‌ನಿಂದ ದುಡ್ಡು ಬರುತ್ತದೆ ಅಂತ ಅಪ್ಪ ಅಂದುಕೊಂಡಿರಬಹುದು. ಇನ್‌ಸ್ಟಾಗ್ರಾಮ್ ನಮ್ಮಲ್ಲಿ ವ್ಯೂಸ್ ಲೆಕ್ಕದಲ್ಲಿ ಜಾಹೀರಾತಿನ ಪಾಲು ಕೊಡುವುದಿಲ್ಲ ಅಂತ ಅವರಿಗೆ ಹೇಳಿ. ಯೂಟ್ಯೂಬ್ ಕೊಡುತ್ತದೆ. 1,000 ಸಬ್‌ಸ್ಕ್ರೈಬರ್ಸ್ ನಿಮಗೆ ಎಂದೋ ದಾಟಿದೆ. ಆದರೆ ಅದರ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬರಬೇಕು. ನೀವು ಅಲ್ಲಿ ರೀಲ್ಸ್‌ಗಳನ್ನೇ ತಂದು ಸುರಿದಿದ್ದೀರಿ, ಗಂಟೆ ಎಲ್ಲಿಂದ ಸೇರಬೇಕು? ಒಂದು ತಟ್ಟೆಯ ಐದು ಗಂಟೆ ಕೆಲಸವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಅದೇ ಅಡುಗೆಮನೆಯ ಸದ್ದಿನೊಂದಿಗೆ, ತಿಂಗಳಿಗೆ ಎರಡು ಹಾಕಿ. ಉದ್ದದ ವಿಡಿಯೋದಲ್ಲಿ ಜಾಹೀರಾತಿನ ದುಡ್ಡಿನ ನೂರಕ್ಕೆ 55 ನಿಮಗೆ, ಶಾರ್ಟ್ಸ್‌ನಲ್ಲಿ 45.

ಕೋಚಿಂಗ್‌ಗೆ ಸೇರಿ. ಬೆಳಿಗ್ಗೆ ಓದಿ, ಮಧ್ಯಾಹ್ನದ ಮೇಲೆ ಬರೆಯಿರಿ. ಕೆಲಸ ಸಿಕ್ಕಿದರೆ ವಾರಕ್ಕೆ ಒಂದು ತಟ್ಟೆಗೆ ಇಳಿಯುತ್ತೀರಿ, ಅದರಿಂದ ನಿಮ್ಮ ನೋಡುಗರು ಓಡಿಹೋಗುವುದಿಲ್ಲ. ಜನವರಿಯಲ್ಲಿ ನೀವು ವಾರಕ್ಕೆ ಎರಡೇ ಹಾಕುತ್ತಿದ್ದಿರಿ. ಮುಂದಿನ ಪತ್ತನಾಜೆಗೆ ಲೆಕ್ಕದ ಪುಸ್ತಕ ಹಿಡಿದುಕೊಂಡು ಅಪ್ಪನ ಜೊತೆ ಕೂರಿ. ಫಾಲೋವರ್ಸ್ ಸಂಖ್ಯೆ ತೋರಿಸಬೇಡಿ, ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಎರಡನೆಯ ಸಲ ತಟ್ಟೆ ತರಿಸಿಕೊಂಡವರ ಪಟ್ಟಿ ತೋರಿಸಿ. ಈಗಿಂದಲೇ ಅಂಥವರ ಹೆಸರು, ಫೋನ್ ನಂಬರ್ ಅವರನ್ನು ಕೇಳಿಯೇ ಬರೆದಿಟ್ಟುಕೊಳ್ಳಿ. ನಾಳೆ ಖಾತೆ ಹೋದರೂ ಆ ಪುಸ್ತಕ ನಿಮ್ಮ ಕಪಾಟಿನಲ್ಲೇ ಇರುತ್ತದೆ.

ಮೈಕ್ ತಗೊಳ್ಳಬೇಡಿ. ಕಾಲರಿಗೆ ಸಿಕ್ಕಿಸುವ ಮೈಕ್ ಮುಖ್ಯವಾಗಿ ನಿಮ್ಮ ಸ್ವರವನ್ನೇ ಹಿಡಿಯುತ್ತದೆ. ಗದ್ದಲ ಕಡಿಮೆ ಮಾಡುವ ಬಟನ್ ಒತ್ತಿದರೆ ಮಳೆ, ಕುಕ್ಕರ್, ಅಜ್ಜಿ ಎಲ್ಲ ಅಳಿಸಿಹೋಗುತ್ತದೆ. ಫೋನಿನ ಸ್ಟ್ಯಾಂಡಿನ ಕೆಳಗೆ ಒಂದು ಬೈರಾಸು (ಟವೆಲ್) ಮಡಚಿಡಿ, ಮೇಜು ಅಲುಗಿದ ಸದ್ದು ಬರುವುದಿಲ್ಲ. ಫ್ಯಾನ್ ಆಫ್ ಮಾಡಿ. ಮುಖ್ಯ ಮೈಕ್ ಸಾಮಾನ್ಯವಾಗಿ ಇರುವುದು ಫೋನಿನ ಕೆಳತುದಿಯಲ್ಲಿ, ಅದನ್ನು ಅಜ್ಜಿ ಕೂರುವ ಕಡೆಗೆ ತಿರುಗಿಸಿಡಿ. ಇಡುವ ಮೊದಲು ಅವರನ್ನು ಒಂದು ಮಾತು ಕೇಳಿ. ಆ ಓರೆ ಮೂಗಿನ ಮಾತನ್ನು ಎಷ್ಟು ಜನ ಕೇಳಿದ್ದಾರೆ ಅಂತ ಅವರಿಗೆ ಗೊತ್ತಿದೆಯೋ ಇಲ್ಲವೋ ಅಂತ ನೀವು ಎಲ್ಲೂ ಬರೆದಿಲ್ಲ.